ಅತ್ತ ಎಂಜಿನ್ ಕಾಯಲಿ, ಇತ್ತ ಬಾಣಲೆ ಆರಲಿ

ಚಿನ್ನು, ಪುಟ್ಟು, ಇಬ್ಬರೂ ಕೇಳಿ. ನಾನು ಆಸ್ಟ್ರೇಲಿಯಾದಲ್ಲಿದ್ದಷ್ಟು ದಿನವೂ ನೀವು ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಮಾತು: ‘ಅಜ್ಜೀ, ಕಾಂಗರೂ ನೋಡಿದ್ಯಾ?’ ನೋಡಿದೆ. ಬೇಲಿಯ ಆಚೆ ಮೊಣಕೈ ಊರಿಕೊಂಡು, ನಿಮ್ಮ ತಾತ ಊಟವಾದ ಮೇಲೆ ಜಗಲಿಯಲ್ಲಿ ಒರಗುತ್ತಿದ್ದ ಹಾಗೆಯೇ ಒರಗಿತ್ತು. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಿತು. ಕಾಂಗರೂವಿನ ಕಥೆ ಅಷ್ಟೇ.

ಮೂರು ಊರು ಸುತ್ತಿ ಬಂದವಳು ಮೂರು ಮಾತೂ ಹೇಳುವುದಿಲ್ಲವಲ್ಲ ಎಂದು ನಿಮ್ಮಪ್ಪ ರೇಗಿಸುತ್ತಾನೆ. ನನಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಮನೆಗೆ ಯಾರಾದರೂ ಬಂದರೆ ಬಾಗಿಲ ಸಂದಿಯಲ್ಲಿ ನಿಂತು ‘ಕಾಫಿನಾ, ಟೀನಾ’ ಎಂದು ಕೇಳುವಷ್ಟೇ ನನ್ನ ಮಾತು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ಪರ್ತ್

ಹೋದ ವರ್ಷ ಜೂನ್ ತಿಂಗಳಿನಲ್ಲಿ ಹೋದದ್ದು. ಆಸ್ಟ್ರೇಲಿಯಾ ಎಂದರೆ ಬಿಸಿಲು ಎಂದುಕೊಂಡು ಹತ್ತಿ ಸೀರೆಗಳನ್ನೇ ತುಂಬಿಕೊಂಡಿದ್ದೆ. ಇಳಿದ ಮೇಲೆ ತಿಳಿಯಿತು, ನಮ್ಮ ಜೂನ್ ಅವರಿಗೆ ಪುಷ್ಯ ಮಾಸ. ನನ್ನ ನಾದಿನಿಯ ಮಗಳು ಲತಾ ವಿಮಾನ ನಿಲ್ದಾಣದಲ್ಲಿಯೇ ತನ್ನ ಕೋಟು ಬಿಚ್ಚಿ ನನಗೆ ತೊಡಿಸಿದಳು. ಸೀರೆಯ ಮೇಲೆ ಕೋಟು ತೊಟ್ಟು ಕನ್ನಡಿ ನೋಡಿಕೊಂಡರೆ, ನಮ್ಮೂರ ಅಂಚೆಯವನು ಹೆಂಗಸಾದ ಹಾಗೆ ಕಂಡೆ.

ಲತಾಳ ಮನೆ ಜೂಂಡಲಪ್‌ನಲ್ಲಿ. ಅಲ್ಲಿ ನಾನು ಹೊರಗೆ ಹೋದದ್ದು ಕಡಿಮೆ. ಹೋದರೂ ಲತಾಳ ಬೆನ್ನ ಹಿಂದೆ. ಅಂಗಡಿಯಲ್ಲಿ ಹಾಲು ಕೊಟ್ಟ ಹುಡುಗಿ ನನ್ನ ಕಡೆ ನೋಡಿ ‘ನೋ ವರೀಸ್’ ಎಂದಳು. ಮರುದಿನ ಬಸ್ಸಿನವನೂ ‘ನೋ ವರೀಸ್’ ಎಂದ. ಔಷಧಿ ಅಂಗಡಿಯವನೂ ಅದನ್ನೇ ಹೇಳಿದಾಗ ನಾನು ಲತಾಳನ್ನು ಪಕ್ಕಕ್ಕೆ ಕರೆದು ಕೇಳಿದೆ: ‘ಯಾಕೆ ಎಲ್ಲರೂ ನಂಗೆ ಚಿಂತೆ ಮಾಡಬೇಡ ಅಂತಾರೆ? ನನ್ನ ಮುಖದಲ್ಲಿ ಅಷ್ಟೊಂದು ಚಿಂತೆ ಕಾಣುತ್ತಾ?’

‘ಅತ್ತೆ, ಅದು ಇಲ್ಲಿ ಪರವಾಗಿಲ್ಲ ಅನ್ನೋ ಹಾಗೆ. ಸುಮ್ನೆ ಅಂತಾರೆ’ ಎಂದಳು.

ಆದರೂ ಕೇಳಲು ಹಿತವಾಗಿತ್ತು. ನಿಮ್ಮ ತಾತ ಹೋದ ಮೇಲೆ ಅಷ್ಟು ಜನ ಒಟ್ಟಿಗೆ ನನಗೆ ಚಿಂತೆ ಬೇಡ ಎಂದದ್ದು ಅದೇ ಮೊದಲು.

ಆ ಮನೆಯಲ್ಲಿ ಬೇರೊಂದು ಚಿಂತೆ ಶುರುವಾಗಿತ್ತು. ದಿನ ಬೆಳಗಾದರೆ ಇಂಟರ್ನೆಟ್ ಇರುತ್ತಿರಲಿಲ್ಲ. ಮೈಕ್ರೋವೇವ್ ಮೇಲಿನ ಗಡಿಯಾರ ಸೊನ್ನೆ ತೋರಿಸುತ್ತಿತ್ತು. ಲತಾಳ ಗಂಡ ಪ್ರಸಾದ್ ಪಾಪ, ಇಂಟರ್ನೆಟ್ಟಿನ ಡಬ್ಬಿಯನ್ನು ಬಿಚ್ಚಿ ನೋಡಿದ, ಕಂಪನಿಯವರಿಗೆ ಫೋನ್ ಮಾಡಿ ಜಗಳವಾಡಿದ. ಕೊನೆಗೊಂದು ದಿನ ಊಟವಾದ ಮೇಲೆ ನಾನು ಎಂದಿನಂತೆ ಗ್ಯಾಸ್ ನೋಡಿ, ನಲ್ಲಿ ನೋಡಿ, ಗೋಡೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿಕೊಂಡು ಬರುವಾಗ ಅವನು ಎದುರಿಗೆ ನಿಂತಿದ್ದ.

‘ಲತಾ, ಬಾ ಇಲ್ಲಿ. ಕಳ್ಳ ಸಿಕ್ಕಿದ’ ಎಂದ.

ನಮ್ಮ ಮನೆಯಲ್ಲಿ ಮಲಗುವ ಮುಂಚೆ ಸ್ವಿಚ್ಚು ಆರಿಸದಿದ್ದರೆ ನಿಮ್ಮ ತಾತ ಎದ್ದು ಬಂದು ಆರಿಸುತ್ತಿದ್ದರು. ಮೂವತ್ತು ವರ್ಷದ ಅಭ್ಯಾಸ ವಿಮಾನ ಹತ್ತಿದ ಮಾತ್ರಕ್ಕೆ ಬಿಟ್ಟುಹೋಗುತ್ತದೆಯೇ?

ಬ್ರಿಸ್ಬೇನ್

ಅಲ್ಲಿಂದ ಬ್ರಿಸ್ಬೇನಿಗೆ. ನನ್ನ ತಂಗಿಯ ಮಗ ಮಧು ಅಲ್ಲಿ ರನ್‌ಕಾರ್ನ್ ಎಂಬಲ್ಲಿದ್ದಾನೆ. ಒಳ್ಳೆಯ ಬಿಸಿಲು. ಕೋಟು ಬಿಚ್ಚಿದೆ, ಮೈ ಹಗುರಾಯಿತು. ಆದರೆ ಆ ಊರಿನಲ್ಲಿ ನಾನು ಹಸಿದೆ.

ಹೇಗೆಂದರೆ, ಟೂವಾಂಗಿನಲ್ಲಿ ಮಧುವಿನ ಆಫೀಸಿನವರ ಮನೆ. ‘ದೊಡ್ಡಮ್ಮ, ಈ ಆರ್ವೋ ಬಾರ್ಬಿ ಇದೆ, ನೀವೂ ಬನ್ನಿ’ ಎಂದ. ಆರ್ವೋ ಎಂದರೆ ಮಧ್ಯಾಹ್ನವಂತೆ. ಬಾರ್ಬಿ ಎಂದರೆ ಬೊಂಬೆಯಲ್ಲ, ಅಂಗಳದಲ್ಲಿ ಒಲೆ ಇಟ್ಟು ಸುಡುವ ಊಟ. ನನಗೆಂದೇ ಬೇರೆ ಒಲೆಯಲ್ಲಿ ಜೋಳದ ತೆನೆ, ಆಲೂಗಡ್ಡೆ, ಅಣಬೆ ಎಲ್ಲ ಇಟ್ಟಿದ್ದರು. ಆ ಮನೆಯಾಕೆ ತಟ್ಟೆ ಹಿಡಿದು ಬಂದು, ಬೇಕೇ ಎಂದು ಕೇಳಿದರು. ನಾನು ಬೇಡ ಎಂದೆ.

ಬೇಡ ಎಂದರೆ ಬೇಡವೆಂದೇ? ನಮ್ಮಲ್ಲಿ ಮೊದಲ ಸಲ ಕೇಳಿದಾಗ ಯಾರಾದರೂ ಹೂಂ ಅನ್ನುತ್ತಾರೆಯೇ? ಅವರು ಇನ್ನೊಮ್ಮೆ ಕೇಳಬೇಕು, ನಾವು ‘ಸ್ವಲ್ಪ ಸಾಕು’ ಅನ್ನಬೇಕು, ಅವರು ಸ್ವಲ್ಪ ಎನ್ನುತ್ತ ಜಾಸ್ತಿ ಹಾಕಬೇಕು. ಆ ತಾಯಿ ‘ನೋ ವರೀಸ್’ ಎಂದು ನಕ್ಕು, ತಟ್ಟೆ ತೆಗೆದುಕೊಂಡು ಮುಂದೆ ಹೋದರು. ಆಮೇಲೆ ಇನ್ನೊಬ್ಬರು ಬಂದರು. ಅವರಿಗೂ ಬೇಡ ಎಂದೆ. ಅವರೂ ಹೋದರು. ಎಲ್ಲರೂ ತಿಂದರು. ನಾನು ಸುಟ್ಟ ಜೋಳದ ವಾಸನೆ ಕುಡಿಯುತ್ತ ಕೂತಿದ್ದೆ.

ವಾಪಸು ಬರುವಾಗ ಕಾರಿನಲ್ಲಿ ನನ್ನ ಹೊಟ್ಟೆ ಗುಡುಗಿತು.

‘ದೊಡ್ಡಮ್ಮ, ನೀವೇನೂ ತಿನ್ಲಿಲ್ವಾ?’

‘ಅವರು ಒಂದೇ ಸಲ ಕೇಳಿದ್ರು ಕಣೋ.’

ಮಧು ನಕ್ಕು ನಕ್ಕು ಗಾಡಿಯನ್ನು ಪೆಟ್ರೋಲ್ ಬಂಕಿಗೆ, ಅಲ್ಲಿಯವರು ಸರ್ವೋ ಎನ್ನುತ್ತಾರೆ, ತಿರುಗಿಸಿದ. ಅಲ್ಲಿ ಒಂದು ದೊಡ್ಡ ಪೊಟ್ಟಣ ಆಲೂಗಡ್ಡೆ ಚಿಪ್ಸ್ ಕೊಡಿಸಿದ. ‘ಇಲ್ಲಿ ಬೇಡ ಅಂದ್ರೆ ಬೇಡ ಅಂತಲೇ ಅರ್ಥ. ಬೇಕು ಅಂದ್ರೆ ಬೇಕು ಅನ್ಬೇಕು, ಮೊದಲನೇ ಸಲಾನೇ’ ಎಂದು ಪಾಠ ಹೇಳಿದ. ಪಾಠ ಸರಿ. ಆದರೆ ಮೊದಲನೇ ಸಲವೇ ಬೇಕು ಅನ್ನಲು ನಾಲಿಗೆ ಹೊರಳಬೇಕಲ್ಲ.

ಅಡಿಲೇಡ್, ಗುಡ್ಡದ ಮೇಲೆ

ಕೊನೆಗೆ ಅಡಿಲೇಡ್. ಅಲ್ಲಿ ನಿಮ್ಮ ವನಜಾ ಅತ್ತೆ ಇರುವುದು ಪಟ್ಟಣದಲ್ಲಲ್ಲ, ಪಟ್ಟಣದಾಚೆಯ ಗುಡ್ಡದ ಮೇಲಿನ ಒಂದು ಸಣ್ಣ ಊರಿನಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ಅವಳು ಡಾಕ್ಟರು. ನಿಮ್ಮ ಮಾವ ಗಣಿ ಕೆಲಸದವನು, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ನಾನು ಹೋದಾಗ ಅವನು ಅಲ್ಲಿ. ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ತಾಯಿ ಮಗಳು. ಅವಳು ಕೆಲಸಕ್ಕೆ ಹೋದರೆ ನಾನೊಬ್ಬಳೇ.

ಆ ಚಳಿ ಹೇಗೆ ಹೇಳಲಿ? ಬೆಳಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಹುಲ್ಲಿನ ಮೇಲೆಲ್ಲ ಯಾರೋ ಉಪ್ಪು ಚೆಲ್ಲಿದ ಹಾಗೆ. ಇಬ್ಬನಿ ಗಟ್ಟಿಯಾಗಿ ಕೂತಿರುತ್ತದೆ, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ದೋಸೆ ಹಿಟ್ಟು ಎರಡು ದಿನವಾದರೂ ಹುಳಿಯಲಿಲ್ಲ, ರುಬ್ಬಿದ ಹಾಗೆಯೇ ಮುಖ ಗಂಟಿಕ್ಕಿಕೊಂಡಿತ್ತು. ಬೇಸತ್ತು ಅದನ್ನು ಬಿಟ್ಟು ಅಕ್ಕಿರೊಟ್ಟಿ ಶುರುಮಾಡಿದೆ. ರೊಟ್ಟಿ ತಟ್ಟಲು ಯಾವ ಹವೆಯ ಅಪ್ಪಣೆಯೂ ಬೇಡ.

ಪಕ್ಕದ ಮನೆಯಲ್ಲಿ ಬೆರಿಲ್ ಎಂಬ ಹೆಂಗಸು ಒಬ್ಬಳೇ ಇದ್ದಳು. ನನಗಿಂತ ದೊಡ್ಡವಳು, ಆದರೆ ನನಗಿಂತ ನೆಟ್ಟಗೆ ನಡೆಯುವವಳು. ಅವಳ ಗಂಡ ಕೀತ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೇಲಿಯ ಹತ್ತಿರ ಬಂದು ನನ್ನ ಹೆಸರು ಕೇಳಿದಳು. ಜಯಮ್ಮ ಎಂದೆ. ‘ಜೇ’ ಎಂದಳು, ಅಲ್ಲಿಗೆ ಮುಗಿಯಿತು. ಆ ದೇಶದವರಿಗೆ ಹೆಸರನ್ನು ಪೂರ್ತಿ ಹೇಳಲು ಪುರಸೊತ್ತಿಲ್ಲ. ನಾನೂ ಅವಳನ್ನು ಬೆರಿಲಮ್ಮ ಎನ್ನುತ್ತಿದ್ದೆ. ಅವಳು ಕತ್ತರಿಸಿದ್ದನ್ನು ನಾನು ಅಂಟಿಸಿದ ಹಾಗಾಯಿತು.

ಬೆರಿಲಳ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಡೀಸೆಲ್ ಗಾಡಿ, ಜೀಪಿನಂಥದ್ದು. ಆ ಗಾಡಿಯ ಮೂಗಿನಿಂದ ಒಂದು ಕಿತ್ತಳೆ ಬಣ್ಣದ ವೈರು ಹೊರಟು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಕಟ್ಟಿಹಾಕಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಕಾರಿಗೆ ಕರೆಂಟು ಯಾಕೆ ಎಂದು ವನಜಾಳನ್ನು ಕೇಳಿದೆ.

‘ಅದು ಬ್ಲಾಕ್ ಹೀಟರ್ ಅಮ್ಮ. ಡೀಸೆಲ್ ಗಾಡಿ ಅಲ್ವಾ, ಈ ಚಳಿಗೆ ಬೆಳಗ್ಗೆ ಸ್ಟಾರ್ಟ್ ಆಗೋಕೆ ತುಂಬ ಹಟ ಮಾಡುತ್ತೆ. ಕೀತ್ ಅಂಕಲ್ ಹಿಂದೆ ಕೆನಡಾದಲ್ಲಿ ಕೆಲಸ ಮಾಡ್ತಿದ್ರಂತೆ. ಅಲ್ಲಿ ಎಲ್ರೂ ಹಾಕ್ಕೋತಾರೆ. ಇಲ್ಲಿ ಯಾರ ಹತ್ರಾನೂ ಇಲ್ಲ, ಅವರೇ ತರಿಸಿ ಫಿಟ್ ಮಾಡಿದ್ದು.’

‘ಒಳಗೆ ಏನಿರುತ್ತೆ?’

‘ನಮ್ಮನೇಲಿ ಬಕೆಟ್ಟಲ್ಲಿ ಇಡ್ತೀವಲ್ಲ ಕಾಯಿಲ್, ಅದೇ. ಎಂಜಿನ್ ಸುತ್ತ ನೀರಿರುತ್ತೆ. ಆ ನೀರಿನೊಳಗೆ ಒಂದು ಪುಟ್ಟ ಕಾಯಿಲ್.’

ಅರ್ಥವಾಯಿತು. ನಮ್ಮೂರಿನಲ್ಲಿ ರಾತ್ರಿ ನಿಲ್ಲುತ್ತಿದ್ದ ನೈಟ್ ಹಾಲ್ಟ್ ಬಸ್ಸಿನದೂ ಇದೇ ಕಥೆ. ಚಳಿಗಾಲದ ಬೆಳಗ್ಗೆ ಡ್ರೈವರ್ ನಮ್ಮ ಬಚ್ಚಲಿಗೆ ಬಂದು ಹಂಡೆಯಿಂದ ಬಿಸಿನೀರು ತೋಡಿಕೊಂಡು ಹೋಗಿ ಎಂಜಿನ್ನಿಗೆ ಹೊಯ್ಯುತ್ತಿದ್ದ. ಆಮೇಲೂ ಹೊರಡದಿದ್ದರೆ ಟಿಕೆಟ್ ತೆಗೆದುಕೊಂಡವರೆಲ್ಲ ಇಳಿದು ತಳ್ಳುತ್ತಿದ್ದರು. ನಿಮ್ಮ ತಾತ ಮದುವೆಯಾದ ಹೊಸದರಲ್ಲಿ ಬಿಳಿ ಪಂಚೆ ಉಟ್ಟು ತಳ್ಳಿ ಕೆಸರಾಗಿ ಬಂದದ್ದನ್ನು ನಾನು ಕಿಟಕಿಯಿಂದ ನೋಡಿ ನಕ್ಕಿದ್ದೆ.

ಆ ಗಾಡಿಗೆ ಒಂದು ಕಂಟಕ ಬಂದಿತ್ತು. ಬೆರಿಲಳ ಮಗ ಗ್ರೆಗ್ ಅಡಿಲೇಡ್ ಪಟ್ಟಣದಲ್ಲಿದ್ದಾನೆ. ಹಿಂದಿನ ಚಳಿಗಾಲದಲ್ಲಿ ಒಂದು ರಾತ್ರಿ ಹೀಟರ್ ಹಾಕಲು ಮರೆತು, ಬೆಳಗ್ಗೆ ಗಾಡಿ ಹೊರಡದೆ ಬೆರಿಲ್ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ತಪ್ಪಿತ್ತಂತೆ. ಅಂದಿನಿಂದ ಅವನದು ಒಂದೇ ಹಟ: ಗಾಡಿ ಮಾರು, ಮನೆ ಬಿಟ್ಟು ನನ್ನ ಹತ್ತಿರ ಪಟ್ಟಣಕ್ಕೆ ಬಾ. ಆ ಊರಿನಲ್ಲಿ ಬಸ್ಸು ಇಲ್ಲವೆಂದರೂ ಸರಿ. ಗಾಡಿ ಹೋದರೆ ಅವಳು ಅಲ್ಲಿ ಇರುವಂತಿರಲಿಲ್ಲ. ತಾಯಿ ಮಗ ವಾದ ಮಾಡಿ ಮಾಡಿ ಕೊನೆಗೊಂದು ಒಪ್ಪಂದಕ್ಕೆ ಬಂದಿದ್ದರು. ಚಳಿ ಬಲಿತ ಮೇಲೆ ಒಂದು ಭಾನುವಾರ ಬೆಳಗ್ಗೆ ಅವನೇ ಬಂದು ಕೀಲಿ ತಿರುಗಿಸುತ್ತಾನೆ. ಒಂದೇ ಸಲಕ್ಕೆ ಹೊರಟರೆ ಗಾಡಿಯೂ ಬೆರಿಲಳೂ ಇದ್ದಲ್ಲೇ ಇರಬಹುದು. ಹೊರಡದಿದ್ದರೆ ಮಾರುವುದು, ಮತ್ತೆ ಮಾತಿಲ್ಲ.

‘ಕೀಲಿ ತಿರುಗಿಸೋದು ಒಂದೇ ಸಲವಂತೆ’ ಎಂದಳು ವನಜಾ. ‘ಆಂಟಿ ಧೈರ್ಯವಾಗಿದಾರೆ, ಹೀಟರ್ ಇದೆಯಲ್ಲ ಅಂತ. ಈ ಭಾನುವಾರ ಬರ್ತಾನಂತೆ.’

ಶನಿವಾರ ಸಂಜೆ

ಶನಿವಾರ ಸಂಜೆ ಬೆರಿಲ್ ಕೊಟ್ಟಿದ್ದ ಬಟ್ಟಲನ್ನು ಹಿಂದಿರುಗಿಸಲು ಹೋದೆ. ಖಾಲಿ ಬಟ್ಟಲು ಕೊಡಬಾರದೆಂದು ಚಟ್ನಿಪುಡಿ ತುಂಬಿದ್ದೆ. ಅವಳು ಮನೆಯಲ್ಲಿರಲಿಲ್ಲ, ಎದುರು ರಸ್ತೆಯಲ್ಲಿ ನಾಯಿ ತಿರುಗಾಡಿಸಲು ಹೋಗಿದ್ದಳು. ಬಟ್ಟಲನ್ನು ಹಿಂಬಾಗಿಲ ಮೆಟ್ಟಿಲ ಮೇಲಿಟ್ಟು ತಿರುಗಿದರೆ ಶೆಡ್ಡಿನ ಬಾಗಿಲು ತೆರೆದಿತ್ತು. ಗೋಡೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ವೈರು ಹಾಕಿತ್ತು, ಸ್ವಿಚ್ಚು ಹಾಕಿತ್ತು, ಒಳಗೆ ಕಾಯಿಲ್ ಕಾಯುತ್ತಿತ್ತು, ಮನೆಯಲ್ಲಿ ಯಾರೂ ಇಲ್ಲ.

ಮಕ್ಕಳೇ, ಕಾಯಿಲ್ ಹಾಕಿ ಮರೆತುಹೋಗುವುದೆಂದರೆ ನಮ್ಮ ಮನೆಯಲ್ಲಿ ಎಂಥ ಅಪರಾಧ ಎಂಬುದು ನಿಮಗೆ ಗೊತ್ತು. ನೀರು ಇಂಗಿ ಬಕೆಟ್ಟು ಕರಗಿದ್ದು ಎದುರು ಮನೆಯಲ್ಲಿ. ಆ ಕಾರಣಕ್ಕೇ ನಿಮ್ಮಮ್ಮ ಸ್ನಾನದ ಮನೆಯ ಬಾಗಿಲಲ್ಲಿ ಕಾವಲು ಕೂರುತ್ತಾಳೆ. ಪಾಪ, ವಯಸ್ಸಾದ ಹೆಂಗಸು, ಮರೆತು ಹೋಗಿದ್ದಾಳೆ ಎಂದುಕೊಂಡೆ. ಸ್ವಿಚ್ಚು ಆರಿಸಿದೆ. ಬಾಗಿಲನ್ನೂ ಎಳೆದುಕೊಂಡು, ಒಂದು ಪುಣ್ಯದ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ಭಾನುವಾರ

ಬೆಳಗ್ಗೆ ವನಜಾ ಡ್ಯೂಟಿಗೆ ಹೊರಡುತ್ತ ಬೂಟು ಹಾಕಿಕೊಳ್ಳುತ್ತಿದ್ದಳು. ನಾನು ಕಾಫಿ ಕೊಡುತ್ತ ಹೇಳಿದೆ: ‘ನಿನ್ನೆ ನಿಮ್ಮ ಬೆರಿಲ್ ಆಂಟಿ ಕಾಯಿಲ್ ಹಾಕಿ ಮರೆತು ಹೋಗಿದ್ಲು. ನಾನು ನೋಡಿದ್ದಕ್ಕೆ ಆಯ್ತು. ಆರಿಸಿ ಬಂದೆ.’

ವನಜಾಳ ಒಂದು ಬೂಟು ಕಾಲಿನಲ್ಲಿ, ಒಂದು ಕೈಯಲ್ಲಿ. ಹಾಗೆಯೇ ನಿಂತಳು.

‘ಅಮ್ಮಾ. ಅದು ರಾತ್ರಿಯೆಲ್ಲ ಆನ್ ಇರ್ಬೇಕು. ಅದಕ್ಕೇ ಇರೋದು ಅದು.’

‘ರಾತ್ರಿಯೆಲ್ಲ? ಕಾಯಿಲ್ಲು?’

‘ಇವತ್ತು ಗ್ರೆಗ್ ಬರ್ತಾನೆ ಅಂತ ಹೇಳಿದ್ದೆ ತಾನೆ? ಒಂಬತ್ತಕ್ಕೆ ಬರ್ತಾನೆ.’ ಬೂಟನ್ನು ಹಾಕಿಕೊಂಡಳು. ‘ನಾನು ಹೋಗ್ಲೇಬೇಕು, ವಾರ್ಡಲ್ಲಿ ಕಾಯ್ತಿದಾರೆ. ನೀನು ಈಗಲೇ ಹೋಗಿ ಸ್ವಿಚ್ ಹಾಕು, ಆಂಟಿಗೆ ಹೇಳು.’

‘ನಾನು ಹೇಳ್ಲಾ? ಇಂಗ್ಲೀಷಲ್ಲಿ?’

‘ಕನ್ನಡದಲ್ಲಾದ್ರೂ ಹೇಳು. ಹೋಗು ಮೊದಲು’ ಎಂದು ಅವಳು ಹೊರಟೇಬಿಟ್ಟಳು.

ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ಐದನೆಯ ತರಗತಿಯಲ್ಲಿ ಎಬಿಸಿಡಿ ಶುರು. ಮೇಷ್ಟ್ರು ಕೇಳಿದರೆ ಬೆಂಚಿನ ಕೆಳಗೆ ಬಳಪ ಹುಡುಕುವ ನೆಪ ಮಾಡುತ್ತಿದ್ದವಳು. ಈಗ ಹುಡುಕಲು ಬಳಪವೂ ಇಲ್ಲ. ಕೋಟು ತೊಟ್ಟು, ಹಪ್ಪಳ ಮುರಿಯುವ ಹುಲ್ಲಿನ ಮೇಲೆ ಓಡಿದೆ.

ಬೆರಿಲ್ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದಳು. ಮಗ ಬರುತ್ತಾನೆಂದು ತುಟಿಗೆ ಬಣ್ಣ ಹಚ್ಚಿದ್ದಳು. ಅವಳ ಕೈ ಹಿಡಿದು ಶೆಡ್ಡಿಗೆ ಎಳೆದುಕೊಂಡು ಹೋಗಿ ಸ್ವಿಚ್ಚು ತೋರಿಸಿ ಹೇಳಿದೆ: ‘ಐ ಆಫ್. ಎಸ್ಟರ್ಡೇ. ಸಾರಿ.’

ಅವಳು ಸ್ವಿಚ್ಚನ್ನು ನೋಡಿದಳು, ನನ್ನನ್ನು ನೋಡಿದಳು. ಸ್ವಿಚ್ಚು ಹಾಕಿದಳು. ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈಯಿಟ್ಟು ಥಟ್ಟನೆ ತೆಗೆದಳು. ನಾನೂ ಇಟ್ಟು ನೋಡಿದೆ. ಹೆಣದ ಹಾಗೆ ತಣ್ಣಗಿತ್ತು. ಅವಳು ಮೂರು ಬೆರಳು ತೋರಿಸಿದಳು. ಮೂರು ಗಂಟೆಯಾದರೂ ಕಾಯಬೇಕೆಂದು ಅರ್ಥವಾಯಿತು. ನಮಗಿದ್ದದ್ದು ಅದರಲ್ಲಿ ಅರ್ಧವೂ ಅಲ್ಲ. ಅವಳ ತುಟಿಯ ಬಣ್ಣ ಒಂದೇ ಕೆಂಪಗೆ, ಉಳಿದ ಮುಖವೆಲ್ಲ ಬಿಳಚಿಕೊಂಡಿತ್ತು. ನನ್ನನ್ನು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆಗ ನೆನಪಾದದ್ದು ನೈಟ್ ಹಾಲ್ಟ್ ಬಸ್ಸು. ‘ಹಾಟ್ ವಾಟರ್’ ಎಂದು ಹೊಯ್ಯುವ ಹಾಗೆ ಕೈ ಮಾಡಿದೆ. ಹೊಯ್ಯುವುದು ಬೇಡವೆಂದು ಅವಳು ತಲೆಯಾಡಿಸಿದಳು. ಆದರೆ ಕಣ್ಣು ಮಿನುಗಿತು. ಒಳಗೆ ಓಡಿ ಹೋಗಿ ಎರಡು ರಬ್ಬರ್ ಚೀಲ ತಂದಳು. ಅಲ್ಲಿಯವರು ಬಿಸಿನೀರು ತುಂಬಿ ಹಾಸಿಗೆಯಲ್ಲಿ ಕಾಲ ಬಳಿ ಇಟ್ಟುಕೊಳ್ಳುವ ಚೀಲಗಳು. ಒಂದು ಗುಲಾಬಿ ಬಣ್ಣದ್ದು, ಇನ್ನೊಂದಕ್ಕೆ ಕುರಿಮರಿಯ ಚಿತ್ರವಿದ್ದ ಉಣ್ಣೆಯ ಅಂಗಿ. ಕೆಟಲ್ಲಿನಲ್ಲಿ ನೀರು ಕಾಯಿಸಿ ತುಂಬಿ, ಎಂಜಿನ್ನಿನ ಎರಡು ಪಕ್ಕಕ್ಕೆ ಎಳೆಮಕ್ಕಳನ್ನು ಮಲಗಿಸಿದ ಹಾಗೆ ಮಲಗಿಸಿದೆವು. ಮೇಲೆ ಒಂದು ಹಳೆಯ ಕಂಬಳಿ ಮುಚ್ಚಿದೆವು. ಬಾಣಂತಿಗೆ ಬೆಚ್ಚಗೆ ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಎಂಜಿನ್ನಿಗೆ ಮಾಡಿದ್ದು ಅದೇ ಮೊದಲು.

ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಶಬ್ದವಾಯಿತು. ಬೆರಿಲ್ ಕಂಬಳಿಯನ್ನು ಎಳೆದುಕೊಂಡಳು, ಬಾನೆಟ್ ಮುಚ್ಚಿದಳು. ನಾವಿಬ್ಬರೂ ಅಡುಗೆಮನೆಗೆ ಬಂದು, ಏನೂ ಆಗದವರ ಹಾಗೆ ನಿಂತೆವು.

ಗ್ರೆಗ್ ಬಾಗಿಲಷ್ಟೇ ಎತ್ತರ, ಬಾಗಿಲಷ್ಟೇ ಅಗಲ. ಹೊರಗೆ ನೀರು ಹೆಪ್ಪುಗಟ್ಟಿದ್ದರೂ ಅವನು ಚಡ್ಡಿ ಹಾಕಿಕೊಂಡು ಬಂದಿದ್ದ. ತಾಯಿಯ ಕೆನ್ನೆಗೆ ಮುತ್ತು ಕೊಟ್ಟು, ಮೇಜಿನ ಮೇಲಿದ್ದ ಕೀಲಿ ಎತ್ತಿಕೊಂಡು, ಶೆಡ್ಡಿನ ಕಡೆ ತಿರುಗಿಯೇಬಿಟ್ಟ.

ನಾನು ಅವನ ದಾರಿಗೆ ಅಡ್ಡ ನಿಂತೆ. ನನ್ನ ತಲೆ ಅವನ ಅಂಗಿಯ ಎರಡನೆಯ ಗುಂಡಿಗೆ ಬರುತ್ತಿತ್ತು.

‘ಸಿಟ್’ ಎಂದೆ. ‘ಈಟ್. ದೆನ್ ಕಾರ್.’

ಅವನು ನಕ್ಕು, ಬೇಡ, ಥ್ಯಾಂಕ್ಸ್ ಎಂದ.

ಬೇಡ ಎಂದರೆ ಬೇಡವಂತೆ, ಮಧು ಹೇಳಿದ್ದ. ಆದರೆ ಅವತ್ತು ನಾನು ನಮ್ಮೂರಿನ ಅರ್ಥವನ್ನೇ ಹಿಡಿದೆ. ಬೇಡ ಎಂದರೆ ಇನ್ನೊಮ್ಮೆ ಕೇಳು ಎಂದು. ‘ಸಿಟ್’ ಎಂದೆ ಮತ್ತೆ. ಅವನು ಮತ್ತೆ ಬೇಡ ಎಂದ. ಮೂರನೆಯ ಸಲ ಕುರ್ಚಿ ಎಳೆದು ತೋರಿಸಿದೆ. ಕೂತ. ಎಷ್ಟು ದೊಡ್ಡ ಗಂಡಸಾದರೂ ಮೂರು ಸಲ ಕೇಳಿದರೆ ಕೂತೇ ಕೂರುತ್ತಾನೆ, ಯಾವ ದೇಶದವನೇ ಆಗಲಿ.

ನಮ್ಮ ಮನೆಯಿಂದ ಕಲಸಿಟ್ಟಿದ್ದ ಅಕ್ಕಿಹಿಟ್ಟು ತಂದೆ. ಈರುಳ್ಳಿ, ಸಬ್ಬಸಿಗೆ, ತೆಂಗಿನಕಾಯಿ ಎಲ್ಲ ಹಾಕಿದ್ದು. ವನಜಾಳ ಮನೆಯಲ್ಲಿ ಎರಡು ಬಾಣಲೆ ಇದ್ದವು. ಎರಡನ್ನೂ ಅಲ್ಲಿಯೇ ಬಿಟ್ಟು, ಬೆರಿಲಳ ದಪ್ಪ ಕಬ್ಬಿಣದ ಬಾಣಲೆಯೊಂದನ್ನೇ ಒಲೆಗಿಟ್ಟೆ.

ನಿಮ್ಮಮ್ಮನನ್ನು ಕೇಳಿ, ಹೇಳುತ್ತಾಳೆ. ಅಕ್ಕಿರೊಟ್ಟಿಯನ್ನು ಬಿಸಿ ಬಾಣಲೆಯಲ್ಲಿ ತಟ್ಟಲಾಗುವುದಿಲ್ಲ, ಕೈ ಸುಡುತ್ತದೆ. ಅದಕ್ಕೇ ಎರಡು ಬಾಣಲೆ ಇಟ್ಟುಕೊಳ್ಳುವುದು, ಒಂದು ಬೇಯುವಾಗ ಒಂದು ಆರಲಿ ಎಂದು. ಒಂದೇ ಇದ್ದರೆ ರೊಟ್ಟಿ ತೆಗೆದ ಮೇಲೆ ಬಾಣಲೆ ಆರುವ ತನಕ ಕೈಕಟ್ಟಿ ನಿಲ್ಲಬೇಕು. ಹಸಿದವರಿಗೆ ಅದಕ್ಕಿಂತ ಶಿಕ್ಷೆಯಿಲ್ಲ. ನನಗೆ ಅವತ್ತು ಅದಕ್ಕಿಂತ ವರವಿರಲಿಲ್ಲ. ಶೆಡ್ಡಿನಲ್ಲಿ ಎಂಜಿನ್ ಕಾಯಬೇಕು, ಇಲ್ಲಿ ಬಾಣಲೆ ಆರಬೇಕು, ಎರಡಕ್ಕೂ ನಾವು ಕಾಯಬೇಕು. ಕನ್ನಡದಲ್ಲಿ ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ಒಂದೇ ಮಾತು ಯಾಕಿದೆ ಎಂದು ಆ ಒಲೆಯ ಮುಂದೆ ನಿಂತು ತಿಳಿದುಕೊಂಡೆ.

ಮೊದಲ ರೊಟ್ಟಿಗೆ ಬೆಣ್ಣೆ ಸವರಿ, ಚಟ್ನಿಪುಡಿ ಉದುರಿಸಿ ಕೊಟ್ಟೆ. ಅವನು ಒಂದು ತುಂಡು ಮುರಿದು ಬಾಯಿಗಿಟ್ಟು, ತಲೆಯೆತ್ತಿ, ತಾಯಿಗೆ ಏನೋ ಹೇಳಿದ. ಅವಳು ‘ಐ ನೋ’ ಎಂದಳು. ರೊಟ್ಟಿ ಮುಗಿಸಿ ಏಳಲು ಹೋದ.

‘ಒನ್ ಮೋರ್’ ಎಂದೆ.

ಬೇಡ ಎಂದ. ‘ಸ್ಮಾಲ್’ ಎಂದೆ. ಸಣ್ಣದೆಂದರೆ ಒಪ್ಪಿಕೊಂಡ. ಬಾಣಲೆಯನ್ನು ಕಿಟಕಿಯ ಕಟ್ಟೆಯ ಮೇಲೆ ಆರಲು ಇಟ್ಟು, ದೊಡ್ಡದನ್ನೇ ತಟ್ಟಿದೆ. ಅಷ್ಟರಲ್ಲಿ ಬೆರಿಲ್ ಕೋಳಿಗೆ ಕಾಳು ಹಾಕಿ ಬರುತ್ತೇನೆಂದು ಹೊರಗೆ ಹೋದಳು. ಬಾನೆಟ್ಟಿನ ಸಂದಿಯಲ್ಲಿ ಕೈ ತೂರಿಸಿ ಬಂದಿದ್ದಳು. ಮಗನ ಬೆನ್ನ ಹಿಂದೆ ನಿಂತು ನನಗೆ ತಲೆ ಅಲ್ಲಾಡಿಸಿದಳು: ಇಲ್ಲ, ಇನ್ನೂ ಇಲ್ಲ.

ಮೂರನೆಯದು ತಟ್ಟಿದೆ. ಬೆರಿಲ್ ಕೋಳಿಗೆ ನೀರು ಹಾಕಲು ಹೋದಳು. ಬಂದು ಕೈಯನ್ನು ಆಚೆ ಈಚೆ ತೂಗಿದಳು: ಆಗಬಹುದು, ಆಗದಿರಬಹುದು. ನಾಲ್ಕನೆಯದು. ಬಾಣಲೆ ಆರುವ ತನಕ ಏನು ಮಾಡಲಿ? ನನ್ನ ಇಂಗ್ಲೀಷಿನ ಗಂಟು ಬಿಚ್ಚಿದೆ. ‘ಯುವರ್ ವೈಫ್ ಗುಡ್?’ ಎಂದೆ. ‘ಯುವರ್ ಚಿಲ್ಡ್ರನ್ ಹೌ ಮೆನಿ? ದೇ ರೀಡ್ ವೆಲ್?’ ಅವನು ಒಂದೊಂದಕ್ಕೂ ಶಾಲೆಯ ಹುಡುಗನ ಹಾಗೆ ಉತ್ತರ ಕೊಟ್ಟ. ಮಾತು ನಿಂತರೆ ಅವನು ಎದ್ದುಬಿಡುತ್ತಾನೆಂಬ ಭಯದಲ್ಲಿ ನನಗೆ ನಾಚಿಕೆಪಡಲು ಬಿಡುವೇ ಆಗಲಿಲ್ಲ.

ಐದನೆಯದನ್ನು ತಿನ್ನುವಾಗ ಅವನು ಬೆಲ್ಟು ಸಡಿಲಿಸಿದ. ಬೆರಿಲ್ ಮೊಟ್ಟೆ ನೋಡಿ ಬರಲು ಹೋದವಳು ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತಿದಳು. ಕೈಯಲ್ಲಿ ಮೊಟ್ಟೆ ಇರಲಿಲ್ಲ.

ಶೆಡ್ಡಿನಲ್ಲಿ

ಗ್ರೆಗ್ ಸೀಟಿನಲ್ಲಿ ಕೂರುತ್ತಾನೆ, ಕೀಲಿ ತಿರುಗಿಸುತ್ತಾನೆ ಎಂದುಕೊಂಡಿದ್ದೆವು. ಆದರೆ ಅವನು ಅಚ್ಚುಕಟ್ಟಿನ ಮನುಷ್ಯ. ಮೊದಲು ಆಯಿಲ್ ನೋಡಬೇಕೆಂದು ಬಾನೆಟ್ ಎತ್ತಿದ.

ಗುಲಾಬಿ ಚೀಲವೂ ಕುರಿಮರಿ ಚೀಲವೂ ಒಂದರ ಪಕ್ಕ ಒಂದು ಮಲಗಿದ್ದವು. ಕಂಬಳಿ ತೆಗೆದ ಗಡಿಬಿಡಿಯಲ್ಲಿ ಅವನ್ನು ತೆಗೆಯುವುದು ಇಬ್ಬರಿಗೂ ಮರೆತಿತ್ತು. ಬೆರಿಲ್ ಅಷ್ಟು ಸಲ ಬಂದು ಹೋದರೂ ಕೈ ತೂರಿಸಿದ್ದು ಕೆಳಗಿನ ಸಂದಿಯಿಂದಲೇ.

ಅವನು ಕುರಿಮರಿ ಚೀಲವನ್ನು ಎತ್ತಿ ಹಿಡಿದ. ತಾಯಿಯನ್ನು ನೋಡಿದ. ಬೆರಿಲ್ ನೆಲ ನೋಡಿದಳು. ಅವಳ ಗಾಡಿ ಕೆಟ್ಟಿದೆ, ಮುಚ್ಚಿಡಲು ಆಟ ಹೂಡಿದ್ದಾಳೆ ಎಂದೇ ಅವನು ತಿಳಿಯುತ್ತಾನಲ್ಲ. ಮಾತಾಡಬೇಕಾದವಳು ನಾನೇ. ಮುಂದೆ ಬಂದು, ಅವನ ಮುಖವನ್ನೇ ನೋಡಿ ಹೇಳಿದೆ. ಅಷ್ಟು ಉದ್ದದ ಇಂಗ್ಲೀಷನ್ನು ನಾನು ಹಿಂದೆಯೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ.

‘ಗ್ರೆಗ್. ಬೆರಿಲ್ ಆನ್. ಐ ಆಫ್. ಫುಲ್ ನೈಟ್ ಆಫ್. ಬೆರಿಲ್ ನೋ ಮಿಸ್ಟೇಕ್. ಕಾರ್ ನೋ ಮಿಸ್ಟೇಕ್. ಮೈ ಮಿಸ್ಟೇಕ್. ನೌ ಯು ಸ್ಟಾರ್ಟ್.’

ಅವನು ಚೀಲವನ್ನು ತಾಯಿಯ ಕೈಗೆ ಕೊಟ್ಟ. ಆಯಿಲ್ ನೋಡಿದ, ವೈರು ಕಿತ್ತ, ಬಾನೆಟ್ ಮುಚ್ಚಿದ, ಸೀಟಿನಲ್ಲಿ ಕೂತ. ಬೆರಿಲ್ ನನ್ನ ಕೈ ಹಿಡಿದುಕೊಂಡಳು. ನಾನು ನಮ್ಮ ಕಡೆಯ ಅರಸೀಕೆರೆಯ ದೇವರಿಂದ ಹಿಡಿದು ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ. ಎಂಜಿನ್ನಿನ ವಿಷಯ ಯಾರ ಖಾತೆಗೆ ಸೇರಿದ್ದೋ ತಿಳಿಯದು ನೋಡಿ.

ಕೀಲಿ ತಿರುಗಿತು. ಗಾಡಿ ಮುದುಕರ ಹಾಗೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಗ್ರೆಗ್ ಕೈ ತೆಗೆಯಲಿಲ್ಲ. ಮೂರನೆಯ ಕೆಮ್ಮು ಮುಗಿಯುವ ಮೊದಲೇ ಮೈಯೆಲ್ಲ ನಡುಗಿ, ಬಿಳಿ ಹೊಗೆ ಉಗುಳಿ, ಗುಡುಗುಡು ಎಂದು ಹಿಡಿದುಕೊಂಡಿತು. ಕೋಳಿಗಳೆಲ್ಲ ಹಾರಿದವು. ಒಂದೇ ಸಲದ ಕೀಲಿ.

ಗ್ರೆಗ್ ಇಳಿದು ಬಂದು ಏನೋ ಹೇಳಿದ. ಬೆರಿಲ್ ಕುರಿಮರಿ ಚೀಲದಿಂದಲೇ ಕಣ್ಣು ಒರೆಸಿಕೊಂಡು ನಗಲು ಶುರುಮಾಡಿದಳು. ಅವನೂ ನಕ್ಕ. ಅವರು ನಗುತ್ತಿದ್ದಾರೆಂದು ನಾನೂ ನಕ್ಕೆ. ಅವನು ಹೇಳಿದ್ದೇನೆಂದು ಮಧ್ಯಾಹ್ನ ವನಜಾ ಬಂದ ಮೇಲೆ ಬೆರಿಲಳಿಂದ ಕೇಳಿ ನನಗೆ ಹೇಳಿದಳು: ‘ಅಮ್ಮ ಒಬ್ಬಳೇ ಇದಾಳೆ ಅಂತ ಹೆದರ್ತಿದ್ದೆ. ಈಗ ಇಬ್ಬರಿದೀರಿ ಅಂತ ಗೊತ್ತಾಯ್ತು, ಹೆದರಿಕೆ ಡಬಲ್ ಆಯ್ತು ಅಂದನಂತೆ ಕಣಮ್ಮ. ಆದ್ರೂ ಮಾತು ಮಾತೇ ಅಂತೆ. ಗಾಡಿ ಇರಲಿ ಅಂದ.’

ಹೊರಡುವ ಮುಂಚೆ ಗ್ರೆಗ್ ತನ್ನ ಕಾರಿನಿಂದ ಅಗಲವಾದ ಬಿಳಿ ಟೇಪು ಮತ್ತು ದಪ್ಪ ಪೆನ್ನು ತಂದ. ಸ್ವಿಚ್ಚಿನ ಪಕ್ಕದ ಗೋಡೆಗೆ ಟೇಪು ಅಂಟಿಸಿ, ಆರಿಸಬಾರದೆಂದು ಇಂಗ್ಲೀಷಿನಲ್ಲಿ ಬರೆಯಲು ಪೆನ್ನು ಎತ್ತಿದ. ಬೆರಿಲ್ ಅವನ ಕೈ ತಡೆದಳು. ಈ ಊರಿನಲ್ಲಿ ಇಂಗ್ಲೀಷ್ ಓದುವವರು ಯಾರೂ ಇದನ್ನು ಆರಿಸಿಲ್ಲವಲ್ಲ ಎಂದಳಂತೆ. ಪೆನ್ನು ನನ್ನ ಕೈಗೆ ಬಂತು.

ನನ್ನ ಅಕ್ಷರ ಚೆನ್ನಾಗಿಲ್ಲ. ಆದರೂ ಗೋಡೆಗೆ ಕೈ ಊರಿ, ದುಂಡಗೆ, ದೊಡ್ಡದಾಗಿ ಬರೆದೆ: ಆರಿಸಬೇಡಿ. ಗ್ರೆಗ್ ಅದನ್ನು ಓದಿಸಿಕೊಂಡು ಹೇಳಲು ಹೋಗಿ ‘ಹ್ಯಾರಿಸ್ ಬೇಡಿ’ ಎಂದ. ಎಷ್ಟು ತಿದ್ದಿದರೂ ಹ್ಯಾರಿಸ್ ಆಚೆ ಹೋಗಲಿಲ್ಲ.

ನಾನು ಊರಿಗೆ ಬಂದು ತಿಂಗಳುಗಳಾದವು. ಮೊನ್ನೆ ವನಜಾ ಫೋನಿನಲ್ಲಿ ಹೇಳಿದಳು. ಅಲ್ಲಿ ಮತ್ತೆ ಚಳಿ ಶುರುವಾಗಿದೆಯಂತೆ. ಗ್ರೆಗ್ ಬಂದಿದ್ದವನು, ಓದುವವರು ಊರಿಗೆ ಹೋದರಲ್ಲ, ಆ ಟೇಪು ಕಿತ್ತುಹಾಕಲೇ ಎಂದು ಕೇಳಿದನಂತೆ. ಅದು ಅಲ್ಲಿಯೇ ಇರಲಿ, ಜೇ ಬಂದಾಗ ಮತ್ತೆ ಬರೆಸುವವರು ಯಾರು ಎಂದಳಂತೆ ಬೆರಿಲ್.